ಇಚಲಕರಂಜಿಯ ತಂಗೆವ್ವ ತುಂಬಿದ ಉಡಿ

ನೂಲು ಮಾರುವ ನನ್ನ ಕಣ್ಣಿನಿಂದ ನೋಡಿದರೆ ತಂಗೆವ್ವ ಹತ್ತನೇ ನಂಬರಿನ ದಪ್ಪ ನೂಲು. ನಯ ಕಡಿಮೆ, ಹೊಳಪು ಇಲ್ಲವೇ ಇಲ್ಲ, ಮೂಗಿನ ಹತ್ತಿರ ಹಿಡಿದರೆ ಗಂಜಿಯ ಮತ್ತು ತಂಬಾಕಿನ ವಾಸನೆ. ಅಂಗಡಿಯ ಮುಂದುಗಡೆ ತೂಗುಹಾಕುವ ಮಾಲಲ್ಲ. ಆದರೆ ಎರಡೂ ಕೈಯಿಂದ ಜಗ್ಗಿ ನೋಡಿ, ನಿಮ್ಮ ಬೆರಳು ಕೆಂಪಾಗುತ್ತವೆ, ಎಳೆ ಹರಿಯುವುದಿಲ್ಲ. ವಯಸ್ಸು ಅರವತ್ತರ ಆಚೆಗೋ ಈಚೆಗೋ, ಆಕೆ ಲೆಕ್ಕ ಇಟ್ಟಿರಲಿಲ್ಲ, ಕೇಳಿದವರಿಗೆ "ಯಾಕ, ಹೆಣ್ಣು ನೋಡಾಕ ಬಂದೀ ಏನು?" ಎಂದು ತಿರುಗಿ ಕೇಳುತ್ತಿದ್ದಳು. ಸಾಗಿಸುವುದು ಕಷ್ಟ, ಇಟ್ಟ ಜಾಗದಿಂದ ಕದಲದ ಜಾತಿ. ದರ ಇಳಿಸಿ ಕೊಂಡುಕೊಳ್ಳಬಹುದು ಎಂದು ಹೋದವರು ಯಾರೂ ಲಾಭ ಮಾಡಿಕೊಂಡು ಬರಲಿಲ್ಲ.

ಇಚಲಕರಂಜಿಯಲ್ಲಿ ಬಾಪೂಸಾಹೇಬರ ಮಗ್ಗದ ಶೆಡ್ಡಿನಲ್ಲಿ ಕಂಡಿಕಿ ಸುತ್ತುವುದು ಆಕೆಯ ಕಸುಬು. ಮಗ್ಗದ ಲಾಳಿಯೊಳಗೆ ಕೂಡುವ ಸಣ್ಣ ಕೊಳವೆಗೆ ನೂಲು ಸುತ್ತಿ ಕೊಡುವ ಕೆಲಸ. ಮಗ್ಗಗಳು ಕರೆಂಟಿನಿಂದ ಓಡುತ್ತಿದ್ದವು, ತಂಗೆವ್ವನ ರಾಟಿ ತಂಗೆವ್ವನಿಂದ ಓಡುತ್ತಿತ್ತು. ಕರೆಂಟು ಹೋಗಿ ಮಗ್ಗಗಳು ಬಾಯಿ ಮುಚ್ಚಿದಾಗಲೂ ಆಕೆಯ ರಾಟಿ ನಿಲ್ಲುತ್ತಿರಲಿಲ್ಲ. ಬಾಯಂತೂ ನಿಲ್ಲುತ್ತಲೇ ಇರಲಿಲ್ಲ.

ಆ ಬಾಯಿಂದ ಬರುತ್ತಿದ್ದುದು ರಬಕವಿಯ ಕನ್ನಡ, ಅದೊಂದೇ. ಗಂಡ ಯಮನಪ್ಪನ ಹಿಂದೆ ಮದುವೆಯಾದ ಹೊಸದರಲ್ಲಿ ಈ ಊರಿಗೆ ಬಂದವಳು, ಸುತ್ತಲೂ ಮರಾಠಿ. ಆಕೆಗೆ ಮರಾಠಿ ತಿಳಿಯುತ್ತಿರಲಿಲ್ಲ ಎಂದಲ್ಲ. ತನ್ನ ಬೆನ್ನ ಹಿಂದೆ ಆಡಿದ್ದೂ ತಿಳಿಯುತ್ತಿತ್ತು. ಆದರೆ ಆಡುತ್ತಿರಲಿಲ್ಲ. ಕೇಳಿದರೆ, "ನಾ ಇಲ್ಲಿಗೆ ದುಡಿಮಿ ಕೊಡಾಕ ಬಂದೇನಿ, ನಾಲಿಗಿ ಕೊಡಾಕ ಅಲ್ಲ" ಎನ್ನುತ್ತಿದ್ದಳು. ಕಡೆಗೆ ಓಣಿಯವರೇ ಸೋತು, ಆಕೆ ಬೈದಾಗ ತಿರುಗಿ ಬೈಯಲು ಸಾಕಾಗುವಷ್ಟು ಕನ್ನಡ ಕಲಿತರು.

ಇಂಥವಳು ಒಂದೇ ಒಂದು ಕಡೆ ತಲೆ ಬಾಗಿಸುತ್ತಿದ್ದಳು, ಅದೂ ತನ್ನ ಮನೆಯ ಹೊಸ್ತಿಲಲ್ಲಿ. ಯಮನಪ್ಪ ಜ್ವರ ಬಂದು ಸತ್ತಾಗ ಮಗಳು ಶಿವವ್ವ ಇನ್ನೂ ಲಂಗ ಉಡುವ ಹುಡುಗಿ. ಓಣಿಯ ಹೆಂಗಸರು ಸೇರಿ ತಂಗೆವ್ವನ ಬಳೆ ಒಡೆದರು, ಕುಂಕುಮ ಒರೆಸಿದರು. ಅಂದಿನಿಂದ ಆಕೆ ಯಾರ ಉಡಿಯನ್ನೂ ತುಂಬುವಂತಿರಲಿಲ್ಲ. ಶಿವವ್ವ ದೊಡ್ಡವಳಾಗಿ ಅಕಿವಾಟಕ್ಕೆ ಮದುವೆಯಾಗಿ ಹೋದಳು. ತವರಿಗೆ ಬಂದು ಹೊರಟಾಗಲೆಲ್ಲ ಸೆರಗು ಒಡ್ಡಿ ನಿಂತ ಮಗಳಿಗೆ ಅಕ್ಕಿ, ಕಾಯಿ, ಕುಪ್ಪಸದ ಖಣ ಹಾಕಿ ಉಡಿ ತುಂಬುತ್ತಿದ್ದವಳು ಪಕ್ಕದ ಮನೆಯ ಶೆವಂತಾ. ಅಕ್ಕಿ ತಂಗೆವ್ವನದು, ಕಾಯಿ ತಂಗೆವ್ವನದು, ಖಣ ತಂಗೆವ್ವನದು, ಕೈ ಮಾತ್ರ ಶೆವಂತಾಳದು. ಹೆತ್ತವಳು ಅಡುಗೆಮನೆಯ ಬಾಗಿಲ ಹಿಂದೆ ಕೂತು ಒಲೆಯ ಬೂದಿ ಕೆದರುತ್ತಿದ್ದಳು. ಶೆವಂತಾ ಒಳ್ಳೆಯವಳು, ಅದೇ ತೊಂದರೆ. ಕೆಟ್ಟವಳಾಗಿದ್ದರೆ ತಂಗೆವ್ವ ಯಾವತ್ತೋ ಜಗಳ ತೆಗೆದು ಅದನ್ನು ಮುಗಿಸುತ್ತಿದ್ದಳು.

ಸಾವಿರದ ಒಂಬೈನೂರ ಅರವತ್ತಮೂರರ ಸಂಕ್ರಾಂತಿ ಮುಗಿದ ಮೇಲೆ ಫಿನ್‌ಲ್ಯಾಂಡ್ ಎಂಬ ಹಿಮದ ದೇಶದ ನೇಕಾರರ ಸಂಘವೊಂದು ತನ್ನ ಮುದುಕಿಯರನ್ನು ನಮ್ಮ ಕಡೆ ಕಳಿಸಿತು. ಒಂದೇ ಕಸುಬಿನಲ್ಲಿ ಮುಪ್ಪಾದವರು ಒಬ್ಬರ ಮನೆಯಲ್ಲಿ ಒಬ್ಬರು ಒಂದು ವಾರ ಇರಬೇಕು, ಭಾಷೆ ಬಾರದಿದ್ದರೂ ಮಾತು ನಡೆಯುತ್ತದೆಯೇ ನೋಡಬೇಕು, ಮುಂದಿನ ವರ್ಷ ಇಲ್ಲಿಯವರು ಅಲ್ಲಿಗೆ ಹೋಗಬೇಕು. ಇಬ್ಬರು ಕೊಲ್ಹಾಪುರದಲ್ಲಿ ಉಳಿದರು, ಒಬ್ಬಳು ಗಡಹಿಂಗ್ಲಜಕ್ಕೆ ಹೋದಳು, ಒಬ್ಬಳು ಇಚಲಕರಂಜಿಗೆ ಬಂದಳು. ಬಂದವಳ ಹೆಸರು ಮಾರ್ತಾ. ಬಿಳಿ ಮಾಲು, ಆದರೆ ಹೊಸದಲ್ಲ, ಬಹಳ ಸಲ ಒಗೆದು ಒಣಗಿಸಿದ್ದು. ಎತ್ತರದ ಮೈ, ಕರಿಯ ಉಡುಪು, ದೊಡ್ಡ ಗಂಟಿನ ಬೆರಳು.

ಆಕೆ ತಮ್ಮ ಬಂಗಲೆಯಲ್ಲೇ ಇಳಿಯಬೇಕೆಂದು ಬಾಪೂಸಾಹೇಬರು ತೀರ್ಮಾನಿಸಿದ್ದರು. ಸ್ವಾಗತ ಕಮಿಟಿಗೆ ಅವರೇ ಅಧ್ಯಕ್ಷರು, ಹೊಸದಾಗಿ ಕಟ್ಟಿಸಿದ ಬಚ್ಚಲುಮನೆಯೂ ಅವರದೇ. ಅವರ ಹೆಂಡತಿ ಚಂದ್ರಾಬಾಯಿ ಮುಂದಿನ ವರ್ಷದ ಪ್ರವಾಸಕ್ಕೆಂದು ಆಗಲೇ ಒಂದು ಉಣ್ಣೆಯ ಶಾಲು ತೆಗೆದಿಟ್ಟಿದ್ದಳು. ಆದರೆ ಮೊದಲ ದಿನ ಶೆಡ್ಡು ತೋರಿಸಲು ಕರೆದೊಯ್ದಾಗ ಮಾರ್ತಾ ಓಡುವ ಮಗ್ಗಗಳನ್ನೆಲ್ಲ ದಾಟಿ ಹೋಗಿ, ಮೂಲೆಯಲ್ಲಿದ್ದ ತಂಗೆವ್ವನ ರಾಟಿಯ ಪಕ್ಕ ನೆಲದ ಮೇಲೆ ಕೂತುಬಿಟ್ಟಳು. ಬಾಪೂಸಾಹೇಬರು ಕುರ್ಚಿ ತರಿಸಿದರು. ಆಕೆ ಅದರ ಮೇಲೆ ತನ್ನ ಕೋಟು ಇಟ್ಟಳು. ಕರೆದರು, ಏಳಲಿಲ್ಲ.

ತಂಗೆವ್ವನಿಗೆ ಅದು ಹಿಡಿಸಿತು. ಕರೆದರೂ ಏಳದವರನ್ನು ಆಕೆ ಅಲ್ಲಿಯವರೆಗೆ ಕನ್ನಡಿಯಲ್ಲಿ ಮಾತ್ರ ನೋಡಿದ್ದಳು.

ನಡುವೆ ಮಾತು ದಾಟಿಸಲು ಇಬ್ಬರಿದ್ದರು. ಮುದುಕಿಯರನ್ನು ಕರೆತಂದಿದ್ದ ತಂಡದ ಮುಖ್ಯಸ್ಥೆಗೆ ಇಂಗ್ಲಿಷ್ ಬರುತ್ತಿತ್ತು. ಕೊಲ್ಹಾಪುರದ ಜಿನಪಾಲ ಮಾಸ್ತರರಿಗೆ ಇಂಗ್ಲಿಷಿನ ಜೊತೆ ಮರಾಠಿಯೂ ಕನ್ನಡವೂ ಬರುತ್ತಿದ್ದವು. ತಂಗೆವ್ವ ರಾಟಿ ನಿಲ್ಲಿಸದೆ ಕೇಳಿದಳು: ಗಂಡ ಇದ್ದಾನೋ ಹೋಗಿದ್ದಾನೋ, ಮಕ್ಕಳು ಎಷ್ಟು, ಯಾವ ಮಗನ ಹತ್ತಿರ ಇರುತ್ತಾಳೆ, ಸೊಸೆ ಹೊಟ್ಟೆಗೆ ಹಾಕುತ್ತಾಳೋ ಇಲ್ಲವೋ. ಜಿನಪಾಲ ಮಾಸ್ತರರು ಸಭ್ಯರು. ಅವರು ಕೆಮ್ಮಿ, ಇಂಗ್ಲಿಷಿನಲ್ಲಿ ಚಿಕ್ಕದೊಂದು ಮಾತು ಹೇಳಿದರು. ಮುಖ್ಯಸ್ಥೆ ಅದನ್ನು ಮತ್ತೂ ಚಿಕ್ಕದು ಮಾಡಿ ದಾಟಿಸಿದಳು. ಮಾರ್ತಾ ತಲೆಯಾಡಿಸಿದಳು. ಪ್ರಯಾಣ ಸುಖವಾಗಿತ್ತಂತೆ ಎಂದು ಮಾಸ್ತರರು ಉತ್ತರ ತಂದುಕೊಟ್ಟರು.

"ಮಾಸ್ತರ, ನಾ ಕೊಟ್ಟಿದ್ದು ಒಂದು ಮಾರು. ನೀವು ಮುಟ್ಟಿಸಿದ್ದು ಒಂದು ಗೇಣು," ಎಂದಳು ತಂಗೆವ್ವ. "ನಡುವ ಕತ್ತರಿ ಹಾಕಿದ್ದು ಯಾರು?"

ಅಂಥದ್ದನ್ನು ಕೇಳಬಾರದು ಎಂದು ಮಾಸ್ತರರು ತಿಳಿಸಿ ಹೇಳಲು ಹೋದರು. ಹಾಗಾದರೆ ನೀವು ಚಹಾ ಕುಡಿದು ಬರ್ರಿ, ನಾವು ನೋಡಿಕೊಳ್ಳುತ್ತೇವೆ ಎಂದು ಆಕೆ ಇಬ್ಬರನ್ನೂ ಎಬ್ಬಿಸಿ ಕಳಿಸಿದಳು. ಹೋಗುವಾಗ ಮುಖ್ಯಸ್ಥೆ ಒಂದು ಕಟ್ಟು ಚಿತ್ರದ ಚೀಟಿಗಳನ್ನು ಕೊಟ್ಟಳು. ಬೇಕಾದದ್ದನ್ನು ಬೆರಳಿಟ್ಟು ತೋರಿಸಿದರಾಯಿತು: ಚಮಚ, ಹಾಸಿಗೆ, ಔಷಧ, ನೀರು, ಪಾಯಖಾನೆ. ತಂಗೆವ್ವ ಕಟ್ಟನ್ನು ಮೊದಲಿನಿಂದ ಕೊನೆಯವರೆಗೆ ತಿರುವಿ ಹಾಕಿದಳು. ಇದರಲ್ಲಿ ಹೊಟ್ಟೆಕಿಚ್ಚು ಎಲ್ಲಿದೆ, ಸೊಸೆ ಎಲ್ಲಿದ್ದಾಳೆ, ಸತ್ತವರು ಎಲ್ಲಿದ್ದಾರೆ ಎಂದು ಕೇಳಿದಳು. ಆ ಚೀಟಿಗಳು ವಾರವಿಡೀ ಒಲೆಗೆ ಗಾಳಿ ಹಾಕಲು ಬಹಳ ಉಪಯೋಗಕ್ಕೆ ಬಂದವು.

ಹಗಲು ತಂಗೆವ್ವನ ಹತ್ತಿರ, ಮಲಗಲು ಬಂಗಲೆ ಎಂದು ಕಮಿಟಿ ರಾಜಿಗೆ ಬಂದಿತು. ಅದನ್ನು ಮುರಿದದ್ದೂ ಮಾರ್ತಾಳೇ. ಎರಡನೆಯ ದಿನ ಆಕೆ ತನ್ನ ಪೆಟ್ಟಿಗೆ ಹೊತ್ತುಕೊಂಡು ಓಣಿಯ ಒಳಗೆ ನಡೆದು ಬಂದಳು. ತಂಗೆವ್ವ ಮೂಲೆಯ ಕೌದಿ ಝಾಡಿಸಿ ಹಾಸಿದಳು.

ಆಮೇಲೆ ಅವರು ಮಾತಾಡಿದರು. ಹೇಗೆ ಎಂದು ಶೆವಂತಾಳನ್ನು ಕೇಳಿದರೆ, ಆಕೆ ಬಾಯಿಗೆ ಸೆರಗು ಹಚ್ಚಿಕೊಂಡು ನಗುತ್ತಿದ್ದಳು. ತಂಗೆವ್ವ ಪೂರ್ತಿ ವೇಗದ ಕನ್ನಡದಲ್ಲಿ, ಮಾರ್ತಾ ಪೂರ್ತಿ ವೇಗದ ತನ್ನ ಮಾತಿನಲ್ಲಿ. ಯಾರೂ ಯಾರಿಗಾಗಿಯೂ ನಿಲ್ಲುತ್ತಿರಲಿಲ್ಲ. ಮೊದಲ ಜಗಳ ರಾಟಿಯ ಮುಂದೆ ಕಾಲು ಹೇಗೆ ಮಡಚಬೇಕು ಎಂಬುದಕ್ಕೆ ಆಯಿತು. ಎರಡನೆಯದು ಕಾಫಿಗೆ. ಮಾರ್ತಾ ತನ್ನ ಡಬ್ಬಿಯಿಂದ ಪುಡಿ ತೆಗೆದು, ಹಾಲು ಬೆಲ್ಲ ಎರಡೂ ಇಲ್ಲದೆ ಕುದಿಸಿ, ತಂಗೆವ್ವನಿಗೂ ಒಂದು ಬಟ್ಟಲು ಕೊಟ್ಟಳು. ಸುಟ್ಟ ಹುಣಿಸೆ ಬೀಜದ ಕಷಾಯ ಎಂದು ತಂಗೆವ್ವ ಅದನ್ನು ತುಳಸಿಗೆ ಚೆಲ್ಲಿದಳು. ಮಾರ್ತಾ ಕೈ ಬೀಸಿ ಬೀಸಿ ಬೈದಳು. ಮರುದಿನ ಆಕೆ ಹಸಿ ಮೆಣಸಿನಕಾಯಿಯ ಖಾರ ತಿಂದು ಕಣ್ಣೀರು ಸುರಿಸಿದಾಗ, ಈಗ ಸಮ ಆಯಿತು ಎಂದು ತಂಗೆವ್ವ ಬೆನ್ನು ತಟ್ಟಿದಳು. ಇಬ್ಬರು ಮುದುಕಿಯರು ಹೀಗೆ ಜಗಳಾಡಲು ತೊಡಗಿದರೆ ಅವರ ನಡುವೆ ಭಾಷೆಯ ಕೊರತೆ ಇದೆ ಎಂದು ಯಾವ ಕಮಿಟಿಯೂ ಹೇಳಲಾರದು.

ಮಾರ್ತಾಳ ಎಡಗೈಯ ಒಂದೇ ಬೆರಳಿನಲ್ಲಿ ಎರಡು ಉಂಗುರ ಇದ್ದವು. ಒಳಗಿನದು ದೊಡ್ಡದು, ಸಡಿಲ; ಅದು ಜಾರದಂತೆ ಹೊರಗಡೆ ಒಂದು ಸಣ್ಣದು. ಒಂದು ಮಧ್ಯಾಹ್ನ ತಂಗೆವ್ವ ಕಂಡಿಕಿ ಕೆಳಗಿಟ್ಟು ಆ ಬೆರಳನ್ನು ಹಿಡಿದಳು. ಮಾರ್ತಾ ಎರಡನ್ನೂ ತೆಗೆದು ಅಂಗೈಯಲ್ಲಿಟ್ಟು, ದೊಡ್ಡದನ್ನು ತೋರಿಸಿ, ಕಣ್ಣು ಮುಚ್ಚಿ ಕೆನ್ನೆಗೆ ಕೈ ಹಚ್ಚಿ ತಲೆ ಓರೆ ಮಾಡಿದಳು. ಮಲಗಿದ್ದಾನೆ ಎಂದಲ್ಲ, ಏಳುವುದಿಲ್ಲ ಎಂದು ತಂಗೆವ್ವನಿಗೆ ಗೊತ್ತಾಯಿತು. ಆಕೆ ತನ್ನ ಬರಿದಾದ ಮುಂಗೈಗಳನ್ನು ಮುಂದೆ ಚಾಚಿ, ಕಲ್ಲಿಗೆ ಬಳೆ ಬಡಿದು ಒಡೆಯುವುದನ್ನು ಮಾಡಿ ತೋರಿಸಿದಳು. ಹಣೆ ಒರೆಸುವುದನ್ನೂ ತೋರಿಸಿದಳು. ಮಾರ್ತಾ ಆ ಮುಂಗೈ ಹಿಡಿದುಕೊಂಡು, ಅಲ್ಲಿ ಗಾಯ ಇದೆಯೇನೋ ಎಂಬಂತೆ ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ದೊಡ್ಡ ಉಂಗುರವನ್ನು ತಂಗೆವ್ವನ ಹೆಬ್ಬೆರಳಿಗೆ ತೊಡಿಸಿದಳು. ಸ್ವಲ್ಪ ಹೊತ್ತು ಬಿಟ್ಟು ವಾಪಸು ಪಡೆದಳು.

ಆ ದಿನ ತಂಗೆವ್ವನ ರಾಟಿ ಹೆಚ್ಚು ತಿರುಗಲಿಲ್ಲ. ವ್ಯವಹಾರ ಆಕೆಯ ತಲೆಯಲ್ಲಿ ಸ್ಪಷ್ಟವಾಗಿತ್ತು. ಇವರಲ್ಲಿ ಗಂಡ ಸತ್ತರೆ ಹೆಂಡತಿಯ ಕೈಗೆ ಒಂದು ಉಂಗುರ ಹೆಚ್ಚಾಗುತ್ತದೆ. ನಮ್ಮಲ್ಲಿ ಸತ್ತರೆ ಇದ್ದದ್ದನ್ನೂ ಕಿತ್ತುಕೊಂಡು ಹೋಗುತ್ತಾರೆ. ಗಂಡ ಹೋದ ನಷ್ಟ ಸಾಲದೆಂದು ಮೇಲೆ ಇದೊಂದು ದಂಡ ಹಾಕಿದವರು ಯಾರು?

ಪರದೇಶದ ಮುದುಕಿಯನ್ನು ನೋಡಬೇಕೆಂದು ಶಿವವ್ವ ಅಕಿವಾಟದಿಂದ ಬಂದಳು. ಹೊರಡುವ ಹೊತ್ತಿಗೆ ಎಂದಿನಂತೆ ಶೆವಂತಾ ಮೊರ ಹಿಡಿದು ಬಂದಳು, ಎಂದಿನಂತೆ ತಂಗೆವ್ವ ಬಾಗಿಲ ಹಿಂದೆ ಸರಿದಳು. ಮಾರ್ತಾ ಇದನ್ನು ನೋಡಿ, ಆಕೆಯ ಮೊಣಕೈ ಹಿಡಿದು ಮುಂದಕ್ಕೆ ತಳ್ಳಿದಳು. ತಂಗೆವ್ವ ತನ್ನ ಹಣೆ ತೋರಿಸಿ ತಲೆಯಲ್ಲಾಡಿಸಿದಳು. ಮಾರ್ತಾ ಶಿವವ್ವನನ್ನು ತೋರಿಸಿ, ತಂಗೆವ್ವನ ಹೊಟ್ಟೆ ತೋರಿಸಿ, ಏನೋ ಕೇಳಿದಳು. ಅದಕ್ಕೆ ಮಾಸ್ತರರು ಬೇಕಾಗಿರಲಿಲ್ಲ. ಇವಳು ನಿನ್ನ ಹೊಟ್ಟೆಯಿಂದ ಬಂದವಳಲ್ಲವೇ ಎಂದು ಓಣಿಯಲ್ಲಿ ಬಿದ್ದಿದ್ದ ನಾಯಿಗೂ ತಿಳಿದಿತ್ತು. ಶಿವವ್ವ ಶೆವಂತಾಳಿಗೇ ಸೆರಗು ಒಡ್ಡಿ ಉಡಿ ತುಂಬಿಸಿಕೊಂಡು, ಕಣ್ಣು ಕೆಳಗೆ ಹಾಕಿ ಹೊರಟುಹೋದಳು. ತಂಗೆವ್ವ ಬೂದಿ ಕೆದರಲಿಲ್ಲ.

ಮರುದಿನ ಆಕೆ ಅಂಗಡಿಗೆ ಹೋಗಿ ಆಜರಾ ಊರಿನ ಘಮಗುಡುವ ಅಕ್ಕಿ ಕೇಳಿದಳು. ಅದು ಹಬ್ಬಕ್ಕೆ ಕೊಳ್ಳುವ ಅಕ್ಕಿ. ಯಾರ ಉಡಿಗೆ ಎಂದು ಅಂಗಡಿಯವನು ಕೇಳಿದ. ನನ್ನ ಮನೆಗೆ ಬಂದವಳ ಉಡಿಗೆ ಎಂದಳು. ತುಂಬುವವರು ಯಾರು ಎಂದ. "ನನಗ ಕೈ ಇಲ್ಲೇನು?" ಎಂದಳು. ಸುದ್ದಿ ಆಕೆಗಿಂತ ಮೊದಲು ಓಣಿ ಸೇರಿತು. ಶೆವಂತಾ ಬಂದು ಕೂತು ಹೆದರಿಕೆಯಿಂದ ಬುದ್ಧಿ ಹೇಳಿದಳು: ನಾಳೆ ಬೀಳ್ಕೊಡುಗೆಗೆ ಊರಿನ ಸಭೆಯ ಹಾಲಿನಲ್ಲಿ ಚಂದ್ರಾಬಾಯಿ ಐದು ಜನ ಮುತ್ತೈದೆಯರನ್ನು ಕರೆದಿದ್ದಾಳೆ, ಉಡಿ ಅವರೇ ತುಂಬುತ್ತಾರೆ, ನೀನು ನಡುವೆ ಹೋದರೆ ಬಾಪೂಸಾಹೇಬರು ರಾಟಿಯಿಂದ ಎಬ್ಬಿಸಿಬಿಡುತ್ತಾರೆ, ಮುಂದೆ ಹೊಟ್ಟೆಗೇನು? ತಂಗೆವ್ವ ಎಲ್ಲ ಕೇಳಿದಳು. ತಾನು ಹಾಲಿಗೆ ಹೋಗುವುದೇ ಇಲ್ಲ, ಬೆಳಿಗ್ಗೆ ತನ್ನ ಮನೆಯ ನಡುಮನೆಯಲ್ಲಿ ತುಂಬಿ ಕಳಿಸುತ್ತೇನೆ, ಮನೆಯ ಬಾಡಿಗೆ ತಾನು ಕೊಡುತ್ತೇನೆ ಎಂದಳು.

ಬೆಳಿಗ್ಗೆ ಅದಕ್ಕೆ ಅವಕಾಶ ಸಿಗಲಿಲ್ಲ. ಒಲೆ ಹೊತ್ತುವ ಮೊದಲೇ ಬಾಪೂಸಾಹೇಬರ ಜೀಪು ಬಂದು ಓಣಿಯ ಬಾಯಲ್ಲಿ ನಿಂತಿತು. ಕೊಲ್ಹಾಪುರದ ರೈಲಿಗೆ ಹೊತ್ತಾಗುತ್ತದೆ, ಕಾರ್ಯಕ್ರಮ ಈಗಲೇ ಎಂದು ಮಾರ್ತಾಳನ್ನು ಪೆಟ್ಟಿಗೆ ಸಮೇತ ಹತ್ತಿಸಿದರು. ಸುದ್ದಿ ಜೀಪಿಗೂ ಮುಟ್ಟಿತ್ತು ಎಂಬುದು ತಂಗೆವ್ವನಿಗೆ ಕೂಡಲೇ ಅರ್ಥವಾಯಿತು. ಆಕೆ ಅಕ್ಕಿ, ಕಾಯಿ, ಖಣ ಸೆರಗಿಗೆ ಸುರಿದು ಗಂಟು ಹಾಕಿ, ಯಾರೂ ಕರೆಯದೆ ಜೀಪಿನ ಹಿಂಭಾಗಕ್ಕೆ ಹತ್ತಿ ಕೂತಳು. ಇಳಿಯಬೇಕೆಂದು ಡ್ರೈವರನು ಮರಾಠಿಯಲ್ಲಿ ಹೇಳಿದ. ಆಕೆಗೆ ಆ ಹೊತ್ತಿನಲ್ಲಿ ಮರಾಠಿ ತಿಳಿಯಲಿಲ್ಲ.

ಹಾಲಿನಲ್ಲಿ ಊರಿನ ಮಗ್ಗದ ಮಾಲೀಕರು, ನನ್ನಂಥ ನೂಲಿನ ವ್ಯಾಪಾರಿಗಳು, ನೇಕಾರರು ತುಂಬಿದ್ದರು. ವೇದಿಕೆಯ ಮೇಲೆ ಮಾರ್ತಾಳಿಗೆ ಮಣೆ, ಸುತ್ತ ಜರಿಸೀರೆಯ ಐದು ಜನ, ಮುಂದೆ ಚಂದ್ರಾಬಾಯಿ. ತಂಗೆವ್ವನಿಗೆ ಬಾಗಿಲ ಹತ್ತಿರ ಚಪ್ಪಲಿಗಳ ಪಕ್ಕ ಜಾಗ ತೋರಿಸಿದರು. ಭಾಷಣಗಳಾದವು. ಚಂದ್ರಾಬಾಯಿ ಬೆರಳಿಗೆ ಕುಂಕುಮ ಹಚ್ಚಿಕೊಂಡು ಮಾರ್ತಾಳ ಹಣೆಯ ಕಡೆ ಕೈ ನೀಡಿದಳು.

ಮಾರ್ತಾ ಆ ಕೈಯನ್ನು ನಡುವೆಯೇ ಹಿಡಿದಳು. ಒರಟಾಗಿ ಅಲ್ಲ. ಎರಡು ಉಂಗುರದ ಬೆರಳು ಎತ್ತಿ ತೋರಿಸಿ, ಕೆನ್ನೆಗೆ ಅಂಗೈ ಹಚ್ಚಿ ಕಣ್ಣು ಮುಚ್ಚಿದಳು. ಬಳಿಕ ಕಲ್ಲಿಗೆ ಬಳೆ ಬಡಿಯುವುದನ್ನು ಮಾಡಿ ತೋರಿಸಿ, ಬಾಗಿಲ ಹತ್ತಿರ ಕೂತ ತಂಗೆವ್ವನ ಕಡೆ ಬೆರಳು ಚಾಚಿದಳು. ಮುಖ್ಯಸ್ಥೆ ಇಂಗ್ಲಿಷಿನಲ್ಲಿ ಹೇಳುವ ಮೊದಲೇ, ಜಿನಪಾಲ ಮಾಸ್ತರರು ಮರಾಠಿಗೆ ತರುವ ಮೊದಲೇ, ಇಡೀ ಹಾಲಿಗೆ ವಿಷಯ ಗೊತ್ತಾಗಿತ್ತು. ಜರಿಸೀರೆಗಳು ಒಂದು ಹೆಜ್ಜೆ ಹಿಂದೆ ಸರಿದವು. ಚಂದ್ರಾಬಾಯಿ ಕುಂಕುಮದ ಬೆರಳನ್ನು ಎಲ್ಲಿ ಒರೆಸಬೇಕೆಂದು ತಿಳಿಯದೆ ಗಂಡನ ಮುಖ ನೋಡಿದಳು. ಹಾರ ಹಾಕಿ ಮುಗಿಸೋಣ ಎಂದು ಬಾಪೂಸಾಹೇಬರು ಮೆಲ್ಲಗೆ ಹೇಳಿದರು.

ತಂಗೆವ್ವ ಎದ್ದು, ಸೆರಗಿನ ಗಂಟು ಬಿಚ್ಚುತ್ತ ಜನರ ನಡುವೆ ನಡೆದು ಬಂದಳು.

"ತಂಗೆವ್ವಾ ಮಾವಶಿ, ಬ್ಯಾಡ್ರಿ," ಎಂದಳು ಚಂದ್ರಾಬಾಯಿ, ತಾನು ಕಲಿತ ಕನ್ನಡದಲ್ಲಿ. "ನೀವು ತುಂಬೂ ಹಂಗಿಲ್ಲ. ನಿಮಗ ಗೊತ್ತೈತಿ."

"ನನಗೂ ಗೊತ್ತೈತಿ, ಆಕಿಗೂ ಗೊತ್ತೈತಿ. ಇನ್ಯಾರಿಗೆ ತ್ರಾಸು?"

"ಪರದೇಶದಿಂದ ನಮ್ಮಲ್ಲಿಗೆ ಬಂದ ಪಾವ್ಹಣಿ ಅದಾಳ್ರಿ. ಆಕಿಗೆ ಏನರ ಕೇಡು ಆದರ?"

ತಂಗೆವ್ವ ಮಣೆಯ ಮುಂದೆ ನಿಂತು ಒಂದು ಸಲ ಎಲ್ಲರನ್ನೂ ನೋಡಿದಳು. "ಆಗೂ ಕೇಡು ನಮ್ಮಿಬ್ಬರಿಗೂ ಆಗಿ ಮುಗದೈತಿ," ಎಂದಳು. "ಇನ್ನ ಉಳದಿದ್ದು ಅಕ್ಕಿ ಕಾಯಿ ಅಷ್ಟ."

ಮಾರ್ತಾ ಆಗಲೇ ಎದ್ದು, ಶಿವವ್ವ ಒಡ್ಡಿದಂತೆಯೇ ತನ್ನ ಕರಿಯ ಲಂಗದ ಮುಂಭಾಗವನ್ನು ಎರಡೂ ಕೈಯಿಂದ ಎತ್ತಿ ಹಿಡಿದಿದ್ದಳು. ತಂಗೆವ್ವ ಬೊಗಸೆ ತುಂಬಿ ಅಕ್ಕಿ ಹಾಕಿದಳು, ಕಾಯಿ ಇಟ್ಟಳು, ಖಣ ಇಟ್ಟಳು. ಒಂದಿಷ್ಟು ಅಕ್ಕಿ ವೇದಿಕೆಯ ಮೇಲೆ ಚೆಲ್ಲಿತು. ಬಾಪೂಸಾಹೇಬರು ಮುಂದೆ ಬಂದು, ನಾಳೆಯಿಂದ ಶೆಡ್ಡಿಗೆ ಬರುವುದು ಬೇಡ ಎಂದು ಮರಾಠಿಯಲ್ಲಿ ಹೇಳಿದರು. ಆಕೆ ಅವರಿಗೆ ಉತ್ತರ ಕೊಟ್ಟದ್ದೂ ಮರಾಠಿಯಲ್ಲೇ. ಆ ಊರಿನಲ್ಲಿ ಆಕೆ ಮರಾಠಿ ಆಡಿದ್ದು ಅದೇ ಮೊದಲು.

"ಯೇಣಾರ," ಎಂದಳು. ಬರುತ್ತೇನೆ ಎಂದು.

ಬಂದಳು ಕೂಡ. ಮರುದಿನ ಎಂದಿನ ಹೊತ್ತಿಗೆ ಹೋಗಿ ರಾಟಿಯ ಮುಂದೆ ಕೂತಳು. ಬಾಪೂಸಾಹೇಬರು ಆಕೆಯ ಬದಲಿಗೆ ಬೇರೊಬ್ಬಳನ್ನು ಕರೆಸಿದರು. ಅವಳು ಬಂದು, ನೋಡಿ, ತಂಗೆವ್ವನನ್ನು ಎಬ್ಬಿಸುವುದು ತನ್ನ ಕೈಲಾಗದ ಕೆಲಸ ಎಂದು ಮನೆಗೆ ಹೋದಳು. ಕಂಡಿಕಿ ಇಲ್ಲದೆ ಲಾಳಿ ಬರಿದಾದಾಗ ಮಾಲೀಕರ ಮುನಿಸೂ ತಾನಾಗಿಯೇ ಮುಗಿಯಿತು. ಫಿನ್‌ಲ್ಯಾಂಡಿಗೆ ಇಲ್ಲಿಂದ ಯಾರೂ ಹೋಗಲಿಲ್ಲ. ಯಾರು ಹೋಗಬೇಕು ಎಂಬ ಜಗಳದಲ್ಲಿ ಕಮಿಟಿಯೇ ಒಡೆಯಿತು, ಚಂದ್ರಾಬಾಯಿಯ ಶಾಲು ನುಸಿಗೆ ಹೋಯಿತು.

ಆ ವರ್ಷದ ಪಂಚಮಿಗೆ ಶಿವವ್ವ ತವರಿಗೆ ಬಂದಳು. ಹೊರಡುವಾಗ ಶೆವಂತಾ ಮೊರ ತರಲಿಲ್ಲ, ಬೇಕೆಂದೇ ತನ್ನ ಕಟ್ಟೆಯ ಮೇಲೆ ಕೂತು ಸೊಪ್ಪು ಸೋಸುತ್ತಿದ್ದಳು. ತಂಗೆವ್ವ ನಡುಮನೆಯಲ್ಲಿ ಅಕ್ಕಿಯ ಬೊಗಸೆ ಹಿಡಿದು ನಿಂತಳು. ಮಗಳು ಸೆರಗು ಒಡ್ಡಲಿಲ್ಲ.

"ಅವ್ವಾ, ನಮ್ಮ ಅತ್ತಿಗೆ ಗೊತ್ತಾದರ?"

"ಗೊತ್ತಾಗಲಿ. ಮುಚ್ಚಿ ಮಾಡೂದಾಗಿದ್ದರ ಬಾಗಲಾ ಹಾಕ್ತಿದ್ದೆ."

ಬಾಗಿಲು ಹಾರುಹೊಡೆದಿತ್ತು. ಓಣಿಯಲ್ಲಿ ಹೋಗಿಬರುವವರು ಒಳಗೆ ನೋಡುತ್ತಿದ್ದರು. ಶಿವವ್ವ ಒಮ್ಮೆ ಅವರ ಕಡೆ ನೋಡಿ, ಆಮೇಲೆ ಸೆರಗು ಒಡ್ಡಿದಳು. ಆಕೆಯ ಅತ್ತೆ ನಾಲ್ಕು ತಿಂಗಳು ಮಾತು ಬಿಟ್ಟಳಂತೆ, ಬಳಿಕ ಮೊಮ್ಮಗ ಹುಟ್ಟಿದ ಮೇಲೆ ತಾನೇ ಮಾತಾಡಿಸಿದಳಂತೆ. ಬೊಗಸೆಯ ಅಕ್ಕಿಯಿಂದ ಕೆಟ್ಟದ್ದೇನಾದರೂ ಆಗಿದ್ದರೆ ಅಕಿವಾಟದಿಂದ ಸುದ್ದಿ ಬಾರದೆ ಇರುತ್ತಿರಲಿಲ್ಲ.

ಅರವತ್ತಾರರಲ್ಲಿ ನನ್ನ ಮಗಳ ಮದುವೆಯಾಯಿತು. ಆಗ ಅವಳ ಉಡಿಯನ್ನು ಮೊದಲು ತುಂಬಿದವಳು ವಿಧವೆಯಾದ ನನ್ನ ತಾಯಿ. ತಂಗೆವ್ವ ಆ ದಿನ ಹಾಲಿನಲ್ಲಿ ಎದ್ದು ನಡೆದು ಬಾರದಿದ್ದರೆ ನಾನು ನನ್ನ ತಾಯಿಯನ್ನು ಮುಂದೆ ಕರೆಯುತ್ತಿರಲಿಲ್ಲ, ಅವಳೂ ಬರುತ್ತಿರಲಿಲ್ಲ. ಅದಕ್ಕಾಗಿ ನಾನು ತಂಗೆವ್ವನಿಗೆ ಋಣಿ.